ಹಿತ್ತಲಿನ ಆಣೆಕಟ್ಟು

ಇನ್ನು ಈ ಜನ್ಮದಲ್ಲಿ ನೀರಿನ ಕೊಡ ಮುಟ್ಟುವುದಿಲ್ಲ ಎಂದು ವಾಸುದೇವರಾಯರು ಪ್ರತಿಜ್ಞೆ ಮಾಡಿದಾಗ ಅವರ ಹೆಗಲ ಮೇಲೆ ಒಂದು ಕೊಡವಿತ್ತು, ಕೈಯಲ್ಲಿ ಇನ್ನೊಂದಿತ್ತು. ಸೊಂಟದಲ್ಲಿ ಒದ್ದೆ ಪಂಚೆ, ಮೈಮೇಲೆ ಜನಿವಾರ. ಜಮಖಂಡಿಯ ಮಠದ ಬಾವಿಯಿಂದ ಮಡಿನೀರು ಸೇದಿಕೊಂಡು ದೊಡ್ಡ ರಸ್ತೆ ದಾಟಲು ನಿಂತಿದ್ದರು. ಅಷ್ಟರಲ್ಲಿ ಎದುರಿಗೆ ಹಣಮಂತ ಬಂದ. ಈ ಹಣಮಂತ, ರಾಯರ ಕಚೇರಿಯಲ್ಲಿ ಜವಾನನಾಗಿದ್ದವನು, ಹಿಂದೆಲ್ಲ ಅವರನ್ನು ದೂರದಲ್ಲಿ ಕಂಡರೂ ಬೀಡಿ ಬಿಸಾಕುತ್ತಿದ್ದವನು. ಈಗ ಹೊಸ ಮೋಟಾರ್ ಸೈಕಲ್ಲಿನ ಮೇಲೆ ಕೂತೇ ಒಂದು ಕಾಲನ್ನು ನೆಲಕ್ಕೂರಿ ಕೇಳಿದ:

"ಏನ್ರಿ ಸಾಹೇಬ್ರ, ರಿಟೈರ್ ಆದ್ರೂ ನೀರಾವರಿ ಖಾತೆ ಬಿಟ್ಟಿಲ್ಲಲ್ರಿ?"

ರಾಯರ ಮೈಯೆಲ್ಲ ಉರಿಯಿತು. ಆದರೆ ಮಡಿಯಲ್ಲಿದ್ದವರು ನಡುರಸ್ತೆಯಲ್ಲಿ ನಿಂತು ಬಯ್ದಾಡುವಂತಿಲ್ಲ. ಬಯ್ದರೆ ಮತ್ತೆ ಸ್ನಾನ, ಮತ್ತೆ ಮಠ, ಮತ್ತೆ ಎರಡು ಕೊಡ. ಸಿಟ್ಟನ್ನು ನುಂಗಿಕೊಂಡು, ಕೊಡದ ನೀರು ತುಳುಕಿಸಿಕೊಂಡು ಮನೆ ಸೇರಿದರು.

ಆಣೆಕಟ್ಟಿನ ಕಚೇರಿಯಲ್ಲಿ ನಕಾಶೆ ತೆಗೆಯುವ ಕೆಲಸದಲ್ಲಿ ಅವರ ಆಯುಷ್ಯ ಸವೆದಿತ್ತು. ಕೃಷ್ಣೆಯ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಊರು ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ನೀಲಿ ಶಾಯಿಯಲ್ಲಿ ಬರೆದವರು. ಅಂಥವರಿಗೆ ನಿವೃತ್ತಿಯ ಮೇಲೆ ಬೇಕಿದ್ದುದು ಬಹಳವೇನಲ್ಲ. ಮುಂಜಾನೆ ಮುಂಬಾಗಿಲಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂರಬೇಕು, ಕೈಯಲ್ಲಿ ಬಿಸಿ ಚಹಾ ಇರಬೇಕು, ಇನ್ನಾರೂ ಮಡಿಕೆ ಬಿಚ್ಚಿರದ ಪೇಪರು ಇರಬೇಕು. ಕೊನೆಯ ಪುಟದಿಂದ ಮೊದಲ ಪುಟದವರೆಗೆ (ರಾಯರು ಹಿಂದಿನಿಂದಲೇ ಓದುವವರು) ಒಂದಕ್ಷರ ಬಿಡದೆ ಓದಬೇಕು. ಇಷ್ಟೇ. ಸರಕಾರ ಅವರಿಗೆ ಪೆನ್ಶನ್ ಕೊಟ್ಟಿತು, ಹಾರ ಹಾಕಿತು, ಗೋಡೆ ಗಡಿಯಾರ ಕೊಟ್ಟಿತು. ಮುಂಜಾನೆಯನ್ನು ಮಾತ್ರ ರಾಧಾಬಾಯಿ ಕಸಿದುಕೊಂಡರು.

ರಾಧಾಬಾಯಿಯ ಕಾನೂನು ಸರಳವಾಗಿತ್ತು. ನಳದ ನೀರು ಮಡಿಗೆ ಬಾರದು, ಯಾಕೆಂದರೆ ನಳದೊಳಗೆ ಚರ್ಮದ ವಾಯಸರ (ವಾಷರು) ಇರುತ್ತದೆ. ಬೋರಿನ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಆದ್ದರಿಂದ ದೇವರಿಗೂ ಒಲೆಗೂ ಮಠದ ಬಾವಿಯ ನೀರೇ ಆಗಬೇಕು, ಅದನ್ನು ಮಡಿಯಲ್ಲೇ ತರಬೇಕು.

"ನನ್ನ ಮೊಣಕಾಲು ಹೋಗ್ಯಾವ. ನೀವು ಆಣೆಕಟ್ಟಿನ ಕಾಲೋನಿಯೊಳಗ ಆರಾಮ ಕೂತಾಗ ಇಷ್ಟು ವರ್ಷ ನಾನಽ ಹೊತ್ತೀನಿ. ಈಗ ನಿಮ್ಮ ಪಾಳಿ" ಎಂದು ನಿವೃತ್ತಿಯ ಮಾರನೆಯ ದಿನವೇ ಅವರು ತೀರ್ಪು ಕೊಟ್ಟಿದ್ದರು.

ಮಗ ಕೌಸ್ತುಭನನ್ನು ಕಳಿಸೋಣವೆಂದರೆ ಅವನು ಮುಂಜಾನೆಯೇ ಬಸ್ಸು ಹಿಡಿದು ಮಹಾಲಿಂಗಪುರದ ಬ್ಯಾಂಕಿಗೆ ಹೋಗುತ್ತಿದ್ದ. ಹೋಗುವಾಗ ಪೇಪರನ್ನೂ ಒಯ್ಯುತ್ತಿದ್ದ. ಮಡಿಯಲ್ಲಿದ್ದ ತಂದೆ ಅದನ್ನು ಮುಟ್ಟುವಂತಿಲ್ಲ, ಆದ್ದರಿಂದ ಅದು ತಂದೆಗೆ ಬೇಕಾಗಿಲ್ಲ ಎಂದು ಅವನ ತರ್ಕ.

ಕೊಡಗಳನ್ನು ಅಡುಗೆಮನೆಯಲ್ಲಿ ಕುಕ್ಕಿದ ರಾಯರು ಅಂದಿನ ರಾತ್ರಿ ಊಟದ ಹೊತ್ತಿಗೆ ಹೊಸ ಯೋಜನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ರಾಷ್ಟ್ರವೆಂದರೆ ಹೆಂಡತಿ, ಮಗ, ಸೊಸೆ.

"ನಾವು ಮಳಿ ನೀರಿನ ಟಾಕಿ ಕಟ್ಟಸ್ತೀವಿ. ಸ್ಲ್ಯಾಬಿನ ಮ್ಯಾಲಿನ ನೀರೆಲ್ಲಾ ಪೈಪಿನಾಗ ಇಳದು ಟಾಕಿ ಸೇರ್ತದ. ಆಕಾಶಗಂಗಾ. ಇದಕ್ಕಿಂತ ಶುದ್ಧ ನೀರು ಯಾವ ಮಠದಾಗದ?"

ರಾಧಾಬಾಯಿ ಸಾರಿನ ಸೌಟು ಹಿಡಿದು ಯೋಚಿಸಿದರು. "ಮಳಿ ನೀರಾಗ ಬ್ಯಾಳಿ ಮೆತ್ತಗ ಬೇಯ್ತದ, ಅದು ಖರೆ. ಎರಡು ಮಣ್ಣಿನ ಹರವಿ ಇಟ್ರ ಸಾಕು."

"ಹರವಿ!" ರಾಯರು ತುತ್ತನ್ನು ತಟ್ಟೆಗೆ ಬಿಟ್ಟರು. "ನಾ ಜಲಾಶಯದ ಮಾತಾಡ್ಲಿಕ್ಕತ್ತೀನಿ, ಇಕಿ ಹರವಿ ಅಂತಾಳ."

"ಅಪ್ಪಾ, ಕರೀ ಪ್ಲಾಸ್ಟಿಕ್ ಟಾಕಿ ಸಿಗ್ತಾವ" ಎಂದ ಕೌಸ್ತುಭ. "ಸಾವಿರ ಲೀಟರಿಂದು. ಟೆಂಪೋದಾಗ ತಂದು ಇಳಿಸಿ ಹೋಗ್ತಾರ. ಸಂಜೀಕೆ ಕೆಲಸ ಮುಗೀತದ."

"ಕಾಗಿ ಸ್ನಾನಾ ಮಾಡ್ಲಿಕ್ಕೆ ಸಾಕದು."

ಸೊಸೆ ಮೃಣ್ಮಯಿ ಮಿರಜಿನವಳು, ಬಿ.ಎಸ್ಸಿ. ಮಾಡಿದವಳು. ಊಟ ಮುಗಿಸಿ ಮೆತ್ತಗೆ ಕೇಳಿದಳು:

"ಮಾಮಾ, ಮೊದಲ ನಮಗ ದಿನಾ ಎಷ್ಟು ನೀರು ಬೇಕು ನೋಡೂಣಲ್ಲ? ಕುಡೀಲಿಕ್ಕೆ, ಅಡಗಿಗೆ, ದೇವರಿಗೆ ಅಷ್ಟ ಅಂದ್ರ ಆರೇಳು ಸಾವಿರದ ಟಾಕಿ ಧಾರಾಳ ಆತು."

"ಒಂದು ವರ್ಷದಾಗ ನಮ್ಮ ಸ್ಲ್ಯಾಬಿನ ಮ್ಯಾಲೆ ನಲವತ್ತು ಸಾವಿರ ಲೀಟರ್ ಮೀರಿ ಬೀಳ್ತದವಾ. ನಾ ಲೆಕ್ಕಾ ತಗದೀನಿ. ನಲವತ್ತು ಸಾವಿರದ ಟಾಕೀನ ಆಗಬೇಕು. ಒಂದು ಹನಿ ಸುದ್ದಾ ಗಟಾರಕ್ಕ ಹೋಗಬಾರದು."

"ಆದ್ರ ವರ್ಷದ ಮಳಿ ಎಲ್ಲಾ ಒಂದ ದಿನ ಬೀಳೂದಿಲ್ಲಲ್ರಿ ಮಾಮಾ. ಅದು ಬೀಳ್ತಿರ್ತದ, ನಾವು ಬಳಸ್ತಿರ್ತೀವಿ. ಇಷ್ಟು ದೊಡ್ಡದು ಎಂದೂ ತುಂಬೂದಿಲ್ಲ."

ಇದು ಎಷ್ಟು ನ್ಯಾಯವಾದ ಮಾತೆಂದರೆ ರಾಯರಿಗೆ ತಕ್ಷಣವೇ ಸಿಟ್ಟು ಬಂತು. ರಾಜ್ಯ ರಾಜ್ಯಗಳೇ ಆಣೆಕಟ್ಟಿನ ಎತ್ತರಕ್ಕಾಗಿ ವರ್ಷಗಟ್ಟಲೆ ಬಡಿದಾಡಿದ್ದನ್ನು ಹತ್ತಿರದಿಂದ ಕಂಡವರು ಅವರು. ಎತ್ತರದ ವಿಷಯದಲ್ಲಿ ಮೊದಲು ಬಗ್ಗಿದವನು ಕೆಟ್ಟ ಎಂಬ ಒಂದೇ ಪಾಠವನ್ನು ಅಲ್ಲಿಂದ ಕಲಿತು ಬಂದಿದ್ದರು.

"ನಲವತ್ತು ಸಾವಿರ. ಒಂದು ಲೀಟರ್ ಕಡಿಮಿ ಆಗೂದಿಲ್ಲ" ಎಂದು ಎದ್ದು ಕೈ ತೊಳೆಯಲು ಹೋದರು. ಅಂದು ನಳದಲ್ಲಿ ನೀರು ಬಂದಿರಲಿಲ್ಲ.

ಗಾರೆಕೆಲಸದ ಗೌಂಡಿ ಅಂದಾನೆಪ್ಪ ಮಾರನೆಯ ದಿನವೇ ಬಂದ. ಅಂದಾನೆಪ್ಪನದೊಂದು ಗುಣವಿತ್ತು. ಅವನು ಯಾರ ಮಾತಿಗೂ ಇಲ್ಲವೆನ್ನುತ್ತಿರಲಿಲ್ಲ. ಕೊನೆಗೆ ಮಾತಾಡಿದವರು ಯಾರೋ ಅವರ ಪಕ್ಷ.

"ಹನ್ನೆರಡಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಆಳ" ಎಂದರು ರಾಯರು.

"ಬರೋಬ್ಬರಿ ಐತ್ರಿ ಸಾಹೇಬ್ರ. ಅದಕ್ಕಿಂತ ಸಣ್ಣದು ಕಟ್ಟೂದು ವೇಸ್ಟ್ ರಿ."

"ಹಿತ್ತಲದಾಗ ಅಷ್ಟು ಜಾಗಾ ಎಲ್ಲದ?" ಎಂದರು ಬಾಗಿಲಲ್ಲಿ ನಿಂತ ರಾಧಾಬಾಯಿ.

"ಅದೂ ಖರೇನ್ರಿ ಬಾಯಾರ. ಜಾಗಾನ ಇಲ್ಲರಿ."

ಜಾಗ ಇರಲಿಲ್ಲ, ನಿಜ. ಹಿತ್ತಲಿನಲ್ಲಿ ತುಳಸೀಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ, ಮಡಿಬಟ್ಟೆ ಒಣಗಿಸುವ ತಂತಿ, ಹಪ್ಪಳ ಸಂಡಿಗೆಗೆ ಬಿಸಿಲು ಬೀಳುವ ಒಂದೇ ಒಂದು ಮೂಲೆ ಇದ್ದವು. ರಾಯರು ಸುಣ್ಣದ ಪುಡಿಯಿಂದ ಗೆರೆ ಎಳೆದಾಗ ಇವೆಲ್ಲವೂ ಗೆರೆಯ ಒಳಗೆ ಬಂದವು. ಗೆರೆಯನ್ನು ಕಂಡದ್ದೇ ತಡ, ರಾಧಾಬಾಯಿಯ ಕಣ್ಣು ಕೆಂಪಾಯಿತು.

"ಬೀಳಗಿ ಕಡೆ ನನ್ನ ತವರಮನಿ ನುಂಗಿದ್ದು ಇದ ಗೆರಿ. ಅವತ್ತೂ ಹಿಂಗಽ ಎಳದ್ರಿ. ನಮ್ಮಪ್ಪನ ಪಡಸಾಲಿ, ದನದ ಕೊಟ್ಟಿಗಿ, ಬಾವಿ ಎಲ್ಲಾ ನೀರಾಗ ಹೋತು. ಈಗ ಗೆರಿ ನನ್ನ ಹಿತ್ತಲಕ್ಕ ಬಂತೇನು?"

"ಆ ಗೆರಿ ನಾ ಎಳದಿದ್ದಲ್ಲ. ಇಂಜಿನಿಯರ್ ಎಳದ್ರು, ನಾ ಶಾಯಿ ತುಂಬಿದೆ."

"ಶಾಯಿ ಕೆಳಗ ನಿಮ್ಮ ಹೆಸರದ. ನಮ್ಮ ಅಣ್ಣ ನಕಾಶಿ ತಂದು ತೋರಿಸ್ಯಾನ."

ಈ ಜಗಳ ಆ ಮನೆಯಲ್ಲಿ ಬಹಳ ಹಳೆಯದು. ರಾಧಾಬಾಯಿಗೆ ಪರಿಹಾರದ ದುಡ್ಡಿನ ದುಃಖ ಇರಲಿಲ್ಲ. ಇಷ್ಟು ವರ್ಷದಲ್ಲಿ ಗಂಡ ಒಮ್ಮೆಯಾದರೂ 'ತಪ್ಪಾಯ್ತು' ಎನ್ನಲಿಲ್ಲವಲ್ಲ ಎಂಬುದೇ ದುಃಖ. ರಾಯರ ಬಾಯಲ್ಲಿ ಆ ಮಾತು ಹೊರಡುವುದೇ ಇಲ್ಲ. ಊಟದಲ್ಲಿ ಉಪ್ಪು ಎರಡು ಸಲ ಹಾಕಿಕೊಂಡರೂ 'ಈ ಉಪ್ಪು ಭಾಳ ಜೋರದ' ಎನ್ನುತ್ತಾರೆಯೇ ಹೊರತು ತಾನು ಹಾಕಿಕೊಂಡೆ ಎನ್ನುವುದಿಲ್ಲ.

ಅಂತೂ ಸಂಧಾನವಾಯಿತು. ಅಗೆಯುವ ಮುಂಚೆ ಮುಳುಗಡೆ ಪ್ರದೇಶದ ಎಲ್ಲ ಸಂತ್ರಸ್ತರಿಗೂ ಪುನರ್ವಸತಿ ಆಗಬೇಕು ಎಂದು ರಾಧಾಬಾಯಿ ಹಟ ಹಿಡಿದರು. ತುಳಸಿಗೆ ಮುಂಗಟ್ಟೆಯ ಪಕ್ಕದಲ್ಲಿ ಹೊಸ ಕಟ್ಟೆ ಸಿಕ್ಕಿತು. ಒಗೆಯುವ ಕಲ್ಲು ಪಾಯಖಾನೆಯ ದಾರಿಗೆ ಹೋಯಿತು (ಎಡವಿದ ಮೊದಲ ಹೆಬ್ಬೆರಳು ರಾಯರದೇ). ಕರಿಬೇವು ಮಾತ್ರ ಹೊಸ ಊರಿಗೆ ಹೊಂದಿಕೊಳ್ಳಲಾರದೆ ಒಣಗಿತು. ಹಪ್ಪಳಕ್ಕೆ ಬಿಸಿಲು ಎಲ್ಲಿಯೂ ಸಿಗದೆ, ರಾಯರ ಪುಸ್ತಕದ ಅಲಮಾರಿಯ ಮುಂದಿನ ಕಿಟಕಿಯನ್ನು ಸರಕಾರಿ ಆದೇಶದಂತೆ ವಶಪಡಿಸಿಕೊಳ್ಳಲಾಯಿತು.

ಗುಂಡಿ ಆಳವಾಗುತ್ತಾ ಹೋಯಿತು. ಒಂದು ಮಧ್ಯಾಹ್ನ ಅಂದಾನೆಪ್ಪನ ರುಮಾಲು ಮಾತ್ರ ನೆಲದ ಮಟ್ಟದಲ್ಲಿ ಕಾಣುತ್ತಿದ್ದಾಗ ರಾಧಾಬಾಯಿ ಗುಂಡಿಯ ಸುತ್ತ ಮೆಲ್ಲಗೆ ಒಂದು ಸುತ್ತು ಬಂದರು. ಇಣುಕಿ ನೋಡಿದರು. ಮತ್ತೊಂದು ಸುತ್ತು ಬಂದರು. ಜಗಳಕ್ಕೆ ಸಿದ್ಧರಾಗಿ ನಿಂತಿದ್ದ ರಾಯರಿಗೆ ಆಶ್ಚರ್ಯವಾಗುವಂತೆ ಹೇಳಿದರು:

"ಆಗಲಿ. ನಿಮ್ಮ ಅಳತೀನ ಇರಲಿ. ನಾ ಇನ್ನ ಏನೂ ಅನ್ನೂದಿಲ್ಲ. ಆದ್ರ ಮ್ಯಾಲೆ ಸ್ಲ್ಯಾಬ್ ಹಾಕೂ ಮುಂದ ಬಾಯಿ ಮಾತ್ರ ನನ್ನ ಅಳತಿ."

"ಬಾಯಿ ಯಾಕ? ಪೈಪ್ ಹೋಗ್ಲಿಕ್ಕೆ ತೂತಿದ್ರ ಸಾಕು."

"ಒಳಗಿಳದು ತೊಳೀಬೇಕಾಗ್ತದಲ್ಲ. ದುಂಡಗ, ಇಷ್ಟು ಅಗಲ ಇರಲಿ. ಸುತ್ತಲೂ ಮೊಣಕಾಲೆತ್ತರ ಕಟ್ಟಿ ಕಟ್ಟಿಸ್ರಿ."

"ಬಾಯಾರು ಹೇಳೂದು ಬರೋಬ್ಬರಿ ಐತ್ರಿ" ಎಂದಿತು ಗುಂಡಿಯೊಳಗಿನ ರುಮಾಲು.

ಎತ್ತರದಲ್ಲಿ ಗೆದ್ದೆನೆಂಬ ಹುರುಪಿನಲ್ಲಿ ರಾಯರು ಒಪ್ಪಿದರು. ಅಂದು ಸಂಜೆ ಹಣಮಂತ ಎದುರಿಗೆ ಸಿಕ್ಕರೆ ತಾವೇ ಕರೆದು ಮಾತಾಡಿಸುವಷ್ಟು ಖುಷಿಯಲ್ಲಿದ್ದರು.

ಟಾಕಿ ಮುಗಿಯಿತು, ಜೂನಿನ ಮಿರಗದ (ಮೃಗಶಿರಾ) ಮಳೆ ಬಂತು. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಎರಡನೆಯ ಮಳೆಗೆ ಪೈಪು ಜೋಡಿಸಿ ರಾಯರು ಕೊಡೆ ಹಿಡಿದು ಕಾದು ನಿಂತರು. ನೀರು ಬಿತ್ತು, ಆದರೆ ಆ ವರ್ಷ ಮೋಡಗಳಿಗೆ ಜಮಖಂಡಿಯ ಮೇಲೆ ಏನೋ ಮುನಿಸು. ಆರಿದ್ರಾ ಹನಿ ಉದುರಿಸಿ ಹೋಯಿತು, ಪುಷ್ಯ ಅದನ್ನೂ ಮಾಡಲಿಲ್ಲ. ಶ್ರಾವಣ ಬಂದರೂ ಆ ಮಹಾಜಲಾಶಯದ ತಳದಲ್ಲಿ ಮೊಣಕಾಲುದ್ದ ನೀರು. ಮೇಲಿನಿಂದ ಇಣುಕಿದರೆ ಕತ್ತಲಲ್ಲಿ ರಾಯರ ಮುಖವೇ ಸಣ್ಣದಾಗಿ ಕಾಣುತ್ತಿತ್ತು. ಟಾಕಿ ತುಂಬಿದ ಮೇಲೆಯೇ ಮೋಟಾರು ತರುವುದೆಂದು ಹೇಳಿದ್ದರಿಂದ ಅವರು ದಿನವೂ ಮಠಕ್ಕೆ ಹೋಗುತ್ತಲೇ ಇದ್ದರು.

"ಎರಡು ಹರವಿ ಇಟ್ಟಿದ್ರ ಇಷ್ಟೊತ್ತಿಗೆ ತುಂಬಿ ಚೆಲ್ತಿದ್ವು" ಎಂದರು ರಾಧಾಬಾಯಿ.

"ಸಾವಿರದ್ದೂ ತುಂಬ್ತಿತ್ತು" ಎಂದ ಕೌಸ್ತುಭ.

ಮೃಣ್ಮಯಿ ಕೋಲು ಇಳಿಬಿಟ್ಟು ನೀರಿನ ಆಳ ಅಳೆದು ನೋಡಿದಳು. ಅದೇ ರಾಯರಿಗೆ ಹೆಚ್ಚು ಚುಚ್ಚಿತು.

ಟಾಕಿ ದೊಡ್ಡದಾಯಿತು ಎಂದು ಅಂದೇ ಒಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ರಾಯರು ಅಟ್ಟ ಹತ್ತಿ, ಸ್ಲ್ಯಾಬಿನ ಮೇಲೆ ನಿಂತು, ಸುತ್ತಲೂ ನೋಡಿ ಹೊಸ ಸತ್ಯವೊಂದನ್ನು ಕಂಡುಕೊಂಡರು. ಟಾಕಿ ದೊಡ್ಡದಾಗಿರಲಿಲ್ಲ, ಜಲಾನಯನ ಪ್ರದೇಶ ಸಣ್ಣದಾಗಿತ್ತು! ಅವರ ಮನೆಗೆ ಅಂಟಿಕೊಂಡೇ ಮೂರು ಮನೆಗಳ ಸ್ಲ್ಯಾಬು ಹಬ್ಬಿದ್ದವು. ಮೂರೂ ಮಡಿವಂತರ ಮನೆಗಳೇ, ಮೂರರ ನೀರೂ ಸುಮ್ಮನೆ ಗಟಾರಕ್ಕೆ ಹೋಗುತ್ತಿತ್ತು.

ಮೊದಲು ಹೋದದ್ದು ವೇಣಕ್ಕನ ಮನೆಗೆ. ವೇಣಕ್ಕ ಓಣಿಗೇ ಹಿರಿಯಳು, ರಾಯರನ್ನು ಚಡ್ಡಿಯಲ್ಲಿ ಕಂಡವಳು.

"ಒಯ್ಯೋ ವಾಸೂ, ನನ್ನ ಸ್ಲ್ಯಾಬಿನ ನೀರು ಒಯ್ಯಿ. ನಾ ಏನು ಕಟಗೊಂಡು ಹೋಗ್ಲಿಕ್ಕದ? ಆದ್ರ ನನಗ ದಿನಾ ಎರಡು ಕೊಡಾ ಮಡಿನೀರು ಬರಬೇಕು ನೋಡು. ನನ್ನ ಕೈಲೆ ಮಠಕ್ಕ ಹೋಗೂದು ಆಗೂದಿಲ್ಲ."

"ಎರಡ್ಯಾಕ, ನಾಕು ಒಯ್ರಿ ವೇಣಕ್ಕ!" ಎಂದರು ರಾಯರು. ನೀರು ಮೋಟಾರಿನಿಂದ ಬರುತ್ತದೆ, ತನ್ನ ಗಂಟೇನು ಹೋಗುತ್ತದೆ ಎಂದು ಅವರ ಎಣಿಕೆ. ಉಳಿದ ಎರಡು ಮನೆಯವರೂ ಅದೇ ಕರಾರಿಗೆ ಒಪ್ಪಿದರು. ಅಂದಾನೆಪ್ಪ ಮತ್ತೆ ಬಂದು, ಮೂರೂ ಮನೆಗಳಿಂದ ಪೈಪಿನ ಮೇಲೆ ಪೈಪು ಜೋಡಿಸಿದ. ಕೆಳಗೆ ನಿಂತು ನೋಡಿದವರಿಗೆ ರಾಯರ ಮನೆಗೆ ಎಲ್ಲ ಕಡೆಯಿಂದ ಸಲಾಯಿನ್ ಹಚ್ಚಿದಂತೆ ಕಾಣುತ್ತಿತ್ತು.

ಉತ್ತರಾ ಮಳೆ ಹಿಡಿಯಿತು. ಹಸ್ತಾ ಮಳೆಯಂತೂ ಹಗಲೂ ರಾತ್ರಿ ಸುರಿಯಿತು. ನಾಲ್ಕು ಸ್ಲ್ಯಾಬುಗಳ ನೀರು ಭೋರೆಂದು ಇಳಿದು ಒಂದು ಮುಂಜಾನೆ ನಲವತ್ತು ಸಾವಿರ ಲೀಟರಿನ ಟಾಕಿ ಕಂಠಮಟ್ಟ ತುಂಬಿ ನಿಂತಿತು. ರಾಯರು ಮನೆಮಂದಿಯನ್ನೆಲ್ಲ ಕರೆದು, ಟಾಕಿಗೆ ಬಾಗಿನ ಅರ್ಪಿಸಲು ಹೇಳಿದರು. ರಾಧಾಬಾಯಿ ಮರುಮಾತಿಲ್ಲದೆ ಅರಿಷಿಣ ಕುಂಕುಮ ಏರಿಸಿ, ಹೂವು ಬಿಟ್ಟು, ಕೈಮುಗಿದರು. ಅವರ ಕಣ್ಣು ತುಂಬಿ ಬಂದಿತ್ತು. ನನ್ನ ಲೆಕ್ಕ ಗೆದ್ದದ್ದಕ್ಕೆ ಎಂದು ರಾಯರು ತಿಳಿದರು.

ಅದೇ ಸಂಜೆ ಕೌಸ್ತುಭ ಅಪ್ಪ ಹೇಳಿದ್ದ ಮೋಟಾರನ್ನು ಮಹಾಲಿಂಗಪುರದಿಂದ ತಂದ. ರಾಯರು ಪೆಟ್ಟಿಗೆಯಿಂದ ಅದನ್ನು ಎತ್ತಿದಾಗ ರಾಧಾಬಾಯಿ ಕೇಳಿದರು:

"ಇದರೊಳಗ ವಾಯಸರ ಅದನೋ ಇಲ್ಲೋ?"

"ಇದ್ದರೇನು? ಈಗ ಎಲ್ಲಾ ರಬ್ಬರಿಂದು ಬರ್ತದ."

"ಬಿಚ್ಚಿ ತೋರಸ್ರಿ."

ಬಿಚ್ಚಲು ಯಾರಿಗೂ ಬರುತ್ತಿರಲಿಲ್ಲ. ಅಂದಾನೆಪ್ಪನನ್ನು ಕರೆಸಿ ಕೇಳಿದರೆ, "ಚರ್ಮದ್ದು ಇದ್ರೂ ಇರಬಹುದ್ರಿ, ಇಲ್ದಿದ್ರೂ ಇರಬಹುದ್ರಿ" ಎಂದು ಮೋಟಾರಿಗೇ ನಮಸ್ಕಾರ ಮಾಡಿ ಹೋದ.

"ಹಂಗಾರ ಇದು ಬ್ಯಾಡ" ಎಂದರು ರಾಧಾಬಾಯಿ. "ಪ್ಲಾಸ್ಟಿಕ್ ಟಾಕಿ ತಂದಿದ್ರ ಮಾತು ಬ್ಯಾರೆ ಇತ್ತು. ಅದು ಬರೇ ಟಾಕಿ. ನೀವು ಭೂಮಿ ಒಳಗ ಹತ್ತಡಿ ಇಳಿಸಿ ಕಟ್ಟೀರಿ. ಭೂಮಿತಾಯಿ ಹೊಟ್ಟಿಯೊಳಗ ಇದ್ದ ಮ್ಯಾಲೆ ಅದು ಬಾವಿ. ಬಾವಿ ನೀರು ಹಗ್ಗದಿಂದ ಸೇದಬೇಕು. ಮನಿ ಯಜಮಾನ ಮಡೀಲೆ ಸೇದಬೇಕು. ನಮ್ಮ ತವರಮನಿಯೊಳಗ ನಮ್ಮಪ್ಪ ಹಂಗಽ ಸೇದತಿದ್ದ."

ಎಂದು ಹೇಳಿ ಅಟ್ಟದಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ವಸ್ತುವನ್ನು ತೆಗೆಸಿದರು. ಕಟ್ಟಿಗೆಯ ಗಾಲಿ, ಕಬ್ಬಿಣದ ಅಚ್ಚು. ಮುಳುಗಡೆಯಾಗುವ ಮುಂಚೆ ತವರಿನ ಬಾವಿಯಿಂದ ಬಿಚ್ಚಿ ತಂದಿದ್ದ ರಾಟೆ ಅದು. ಟಾಕಿಯ ದುಂಡುಬಾಯಿಗೂ ಅದಕ್ಕೂ ಅಳತೆ ತಕ್ಕಡಿಯಲ್ಲಿ ತೂಗಿದಷ್ಟು ಸರಿಯಾಗಿತ್ತು. ಅಂದು ರಾಧಾಬಾಯಿ ಗುಂಡಿಯ ಸುತ್ತ ಎರಡು ಸುತ್ತು ಹಾಕಿದ್ದು ಏತಕ್ಕೆಂದು ರಾಯರಿಗೆ ಈಗ ಹೊಳೆಯಿತು. ಹೆಂಡತಿಯ ಮುಖ ನೋಡಿದರು. ಅಷ್ಟು ಸಂತೋಷದ ಮುಖವನ್ನು ಅವರು ಮದುವೆಯಾದ ಹೊಸತರಲ್ಲೂ ಕಂಡಿರಲಿಲ್ಲ. ಅದನ್ನು ಕೆಡಿಸುವ ಧೈರ್ಯ ಬರಲಿಲ್ಲ. (ಧೈರ್ಯ ಬಂದಿದ್ದರೂ ಉಪಯೋಗವಿರಲಿಲ್ಲ.)

ಅಲ್ಲಿಂದ ಮುಂದೆ ರಾಯರ ಮುಂಜಾನೆಗಳ ಗತಿ ಹೀಗಾಯಿತು. ತಣ್ಣೀರು ಸ್ನಾನ, ಒದ್ದೆ ಪಂಚೆ, ರಾಟೆಯ ಕಿರ್ರೆನ್ನುವ ಸದ್ದು. ಆ ಸದ್ದು ಕೇಳಿದ್ದೇ ಮೂರು ಮನೆಯ ಕೊಡಗಳು ಗೋಡೆಯ ಮೇಲೆ ಬಂದು ಕೂರುತ್ತಿದ್ದವು. ಕರಾರು ಕರಾರೇ. ಮುಂಚೆ ಎರಡು ಕೊಡ ತಂದರೆ ಬಿಡುಗಡೆ ಇತ್ತು, ಈಗ ಸ್ವಂತ ಮನೆಗೆ ನಾಲ್ಕು, ಜಲಾನಯನದ ಪಾಲುದಾರರಿಗೆ ಆರು. ಮುಂಬಾಗಿಲಲ್ಲಿ ಪೇಪರು ಧಪ್ಪೆಂದು ಬೀಳುವುದು ಹಿತ್ತಲಿಗೆ ಕೇಳುತ್ತಿತ್ತು. ಸೇದಿ ಮುಗಿಸಿ, ಪೂಜೆ ಮುಗಿಸಿ ಬರುವಷ್ಟರಲ್ಲಿ ಕೌಸ್ತುಭನೂ ಇಲ್ಲ, ಪೇಪರೂ ಇಲ್ಲ.

"ಮಾಮಾ, ದಿನಾ ಹತ್ತು ಕೊಡದ ಲೆಕ್ಕದಾಗ ನಿಮ್ಮ ಟಾಕಿ ಬರೂ ಮಿರಗದ ತನಕಾ ಬರ್ತದ" ಎಂದಳು ಮೃಣ್ಮಯಿ ಒಂದು ದಿನ, ಮೆಚ್ಚುಗೆಯಿಂದಲೇ.

ರಾಯರು "ಮತ್ತೇನು!" ಎಂದು ಎದೆ ಉಬ್ಬಿಸಿದರು. ಎದೆ ಅರ್ಧ ಉಬ್ಬುವಷ್ಟರಲ್ಲಿ ಅರ್ಥವಾಯಿತು. ಆರೇಳು ಸಾವಿರದ ಟಾಕಿಯಾಗಿದ್ದರೆ ದೀಪಾವಳಿ ಕಳೆದೊಡನೆ ಬತ್ತುತ್ತಿತ್ತು. ಹರವಿಯಾಗಿದ್ದರೆ ದಸರೆಗೇ ಮುಗಿಯುತ್ತಿತ್ತು. ಬೆನ್ನು ಮುರಿದು ದುಡಿಸಿಕೊಳ್ಳಲು ಮುಂದಿನ ಜೂನಿನವರೆಗೆ ಸಾಲುವಷ್ಟು ನೀರನ್ನು ತಾವೇ ಲೆಕ್ಕ ಹಾಕಿ ಕೂಡಿಟ್ಟಿದ್ದರು.

ಇನ್ನು ಉಳಿದದ್ದು ಒಂದೇ ಹಾದಿ, ಟಾಕಿಯನ್ನು ಖಾಲಿ ಮಾಡುವುದು. ಬತ್ತಿದರೆ ಮತ್ತೆ ಮಠದ ಎರಡೇ ಕೊಡ. (ಒಂದು ಕಾಲಕ್ಕೆ ಯಾವುದರಿಂದ ಓಡಿಬಂದಿದ್ದರೋ ಅದೇ ಈಗ ಸ್ವರ್ಗವಾಗಿ ಕಾಣತೊಡಗಿತ್ತು.) ರಾಯರು ಏಕಾಏಕಿ ದಾನಶೂರರಾದರು. ಓಣಿಯಲ್ಲಿ ಮುಂಜಿಯೇ, ಒಯ್ಯಿರಿ. ಸತ್ಯನಾರಾಯಣ ಪೂಜೆಯೇ, ಒಯ್ಯಿರಿ. ಉಪ್ಪಿನಕಾಯಿಗೆ ಮಾವಿನಕಾಯಿ ತೊಳೆಯಬೇಕೇ, ನಾಲ್ಕು ಕೊಡ ಒಯ್ಯಿರಿ. ಒಯ್ಯುವವರು ಒಯ್ದರು, ಸೇದುವವರು ಮಾತ್ರ ರಾಯರೊಬ್ಬರೇ. ಸೇದುವುದನ್ನು ತಪ್ಪಿಸಲು ಖಾಲಿ ಮಾಡಬೇಕು, ಖಾಲಿ ಮಾಡಲು ಇನ್ನೂ ಹೆಚ್ಚು ಸೇದಬೇಕು. ಅಂಗೈಯಲ್ಲಿ ಬೊಬ್ಬೆ ಬಂದು, ಒಡೆದು, ಜಡ್ಡುಗಟ್ಟಿತು. ಸಂಜೆ ಚಹಾದ ಕಪ್ಪು ಹಿಡಿದರೆ ಬಿಸಿಯೇ ಗೊತ್ತಾಗುತ್ತಿರಲಿಲ್ಲ. ಆದರೂ ಯಾರಾದರೂ ಕೇಳಿದರೆ, "ಟಾಕಿ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು.

ಯುಗಾದಿ ಕಳೆಯಿತು. ತಳದ ಗಾರೆ ಕಾಣಲು ಶುರುವಾಯಿತು. ರಾಯರು ದಿನಕ್ಕೆ ನಾಲ್ಕು ಸಲ ಇಣುಕಿ ನೋಡಿ ಒಳಗೊಳಗೇ ಕುಣಿದರು. ಇನ್ನೊಂದೇ ವಾರ.

ಅಷ್ಟರಲ್ಲಿ ಅಡ್ಡಮಳೆ ಬಂತು. ಯಾವ ಪಂಚಾಂಗದಲ್ಲೂ ಇಲ್ಲದ ಮಳೆ. ಮಧ್ಯಾಹ್ನ ಧೂಳೆದ್ದು, ಸಂಜೆ ಗುಡುಗಿ, ಊಟದ ಹೊತ್ತಿಗೆ ಆಕಾಶ ಹರಿದುಕೊಂಡು ಬಿತ್ತು. ಊರಿಗೆ ಊರೇ ಖುಷಿಪಟ್ಟಿತು. ನಾಲ್ಕು ಸ್ಲ್ಯಾಬುಗಳೂ ತಮ್ಮ ಕರ್ತವ್ಯದಲ್ಲಿ ಒಂದಿಷ್ಟೂ ತಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿದ ರಾಯರು ಪೈಪಿನ ಸದ್ದು ಕೇಳುತ್ತಾ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು.

ಬೆಳಿಗ್ಗೆ ಹಿತ್ತಲಿಗೆ ಬಂದರೆ ಟಾಕಿ ತುಂಬಿ, ಕಟ್ಟೆ ಮೀರಿ, ಹಿತ್ತಲೆಲ್ಲ ಹರಿದು ಗಟಾರಕ್ಕೆ ಹೋಗುತ್ತಿತ್ತು. ಗೋಡೆಯ ಮೇಲೆ ಆಗಲೇ ಆರು ಕೊಡ. ಗೋಡೆಯಾಚೆ ವೇಣಕ್ಕನ ಮುಖ. "ವಾಸೂ, ನಿನ್ನ ಪುಣ್ಯಾ ದೊಡ್ಡದೋ! ಇನ್ನೊಂದು ವರ್ಷ ನೀರಿನ ಚಿಂತಿ ಇಲ್ಲ!" ಭಾನುವಾರವಾದ್ದರಿಂದ ಕೌಸ್ತುಭನೂ ಇದ್ದ. ಮೃಣ್ಮಯಿ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಸೋರುವ ಸ್ಲ್ಯಾಬು ನೋಡಲು ಬಂದಿದ್ದ ಅಂದಾನೆಪ್ಪ ಸದ್ದು ಕೇಳಿ ಇಲ್ಲಿಗೇ ಬಂದಿದ್ದ.

ರಾಯರು ಹಗ್ಗ ಎತ್ತಿಕೊಂಡರು. ರಾಧಾಬಾಯಿ ಅವರ ಅಂಗೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಇಡ್ರಿ ಹಗ್ಗಾ" ಎಂದರು. "ಮಠದಾಗನೂ ಹೋದ ವಾರ ಬಾವಿಗೆ ಮೋಟಾರ್ ಹಚ್ಚ್ಯಾರಂತ. ಆಚಾರ್ಯರು ನಡೀತದ ಅಂದ್ರಂತ. ಅವರಿಗಿಲ್ಲದ ಮಡಿ ನನಗ್ಯಾಕ? ನಾಳಿಂದ ನೀವೂ ಮೋಟಾರ್ ಹಚ್ಚಿ ಕಟ್ಟೀ ಮ್ಯಾಲೆ ಕೂತು ಪೇಪರ್ ಓದ್ರಿ. ಚಹಾ ನಾನಽ ತಂದು ಕೊಡ್ತೀನಿ."

ರಾಯರಿಗೆ ಕಿವಿ ನಂಬಲಾಗಲಿಲ್ಲ. ಕಟ್ಟೆ, ಚಹಾ, ಪೇಪರು ಎಲ್ಲವೂ ಒಟ್ಟಿಗೇ ಕಣ್ಣೆದುರು ಬಂದು ನಿಂತವು.

"ಒಂದ ಮಾತು" ಎಂದರು ರಾಧಾಬಾಯಿ. "ಟಾಕಿ ದೊಡ್ಡದಾತು, ನನ್ನ ಲೆಕ್ಕ ತಪ್ಪಿತ್ತು ಅಂತ ಒಂದು ಸಲ ಅನ್ರಿ. ಇಷ್ಟು ವರ್ಷದಾಗ ನಾ ಏನೂ ಕೇಳಿಲ್ಲ. ಒಂದ ಸಲ ಅನ್ರಿ, ನನ್ನ ಜೀವಕ್ಕ ಸಮಾಧಾನ ಆಗ್ತದ."

ವೇಣಕ್ಕ ಗೋಡೆಯ ಮೇಲೆ ಇನ್ನಷ್ಟು ಬಾಗಿದಳು. ಕೌಸ್ತುಭ "ಅನ್ರಲ್ಲ ಅಪ್ಪಾ" ಎಂದು ಕಣ್ಣಲ್ಲೇ ಬೇಡಿಕೊಂಡ. ಮಾತು ರಾಯರ ಗಂಟಲವರೆಗೆ ಬಂದದ್ದು ಸತ್ಯ. ನಾಲಿಗೆಯ ಮೇಲೂ ಬಂದಿತ್ತು. ಅಷ್ಟರಲ್ಲಿ ಅವರ ಕಣ್ಣು ಕಟ್ಟೆ ಮೀರಿ ಗಟಾರಕ್ಕೆ ಹರಿಯುತ್ತಿದ್ದ ನೀರಿನ ಮೇಲೆ ಬಿತ್ತು. ಬೆನ್ನು ನೆಟ್ಟಗಾಯಿತು, ಮೀಸೆ ನಿಮಿರಿತು.

"ದೊಡ್ಡದು?" ಎಂದರು. "ಕಣ್ಣು ಕಾಣಸ್ತಾವಿಲ್ಲೋ ನಿಮಗ? ನೀರು ಚೆಲ್ಲಿ ಹೋಗ್ಲಿಕ್ಕತ್ತದ. ಖರೆ ಹೇಳಬೇಕಂದ್ರ, ಟಾಕಿ ಸಣ್ಣದಾಗ್ಯದ!"

ಮೃಣ್ಮಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಧಾಬಾಯಿ ಗಂಡನನ್ನೇ ನೋಡಿದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇನ್ನು ಈ ಮನುಷ್ಯನಿಂದ ಏನನ್ನೂ ಕೇಳುವುದು ಬೇಡವೆಂಬ ನಿರಾಳದಿಂದ ಗೋಡೆಯ ಮೇಲಿನ ಕೊಡಗಳನ್ನು ಒಂದೊಂದಾಗಿ ಇಳಿಸಿ ಗಂಡನ ಕಾಲ ಬಳಿ ಸಾಲಾಗಿ ಇಟ್ಟರು.

"ಸೇದ್ರಿ" ಎಂದರು.

ರಾಯರು ಪಂಚೆ ಎತ್ತಿ ಕಟ್ಟಿ ಮೊದಲ ಕೊಡ ಇಳಿಬಿಟ್ಟರು. ಅದು ಅರ್ಧ ತುಂಬುವಷ್ಟರಲ್ಲಿ ಬೆನ್ನ ಹಿಂದೆ ಏನೋ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಅಂದಾನೆಪ್ಪ ಹಿತ್ತಲಿನಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಅಳತೆಯ ಟೇಪು ಬಿಚ್ಚಿ ಕುಕ್ಕರಗಾಲಲ್ಲಿ ಕೂತಿದ್ದ.

"ಸಾಹೇಬ್ರ ಮಾತು ಬರೋಬ್ಬರಿ ಐತ್ರಿ. ಎರಡನೇ ಟಾಕಿ ಇದಕ್ಕಿಂತ ದೊಡ್ಡದಲ್ರಿ?"

ಎಲ್ಲರೂ ರಾಯರ ಮುಖ ನೋಡಿದರು. ರಾಯರು ಒಮ್ಮೆ ಹಗ್ಗವನ್ನು ನೋಡಿದರು, ಒಮ್ಮೆ ಹೆಂಡತಿಯನ್ನು ನೋಡಿದರು.

"ಹೌದು" ಎಂದರು.